ಬಸವಂತ್ರಾಯ ಸರ್ ಅವರ ಗಿಟಾರು, ಮಲ್ಲಿಕಮ್ಮನವರ ಅನುಮಾನ

ಶಹಾಪುರ ಸೀಮೆಯಲ್ಲಿ ವಿಜ್ಞಾನವನ್ನು ಕರಿಹಲಗೆಯಿಂದ ಇಳಿಸಿ ಮಕ್ಕಳ ಕೈಗೆ ಕೊಟ್ಟ ಶಿಕ್ಷಕರಲ್ಲಿ ಶ್ರೀ ಬಸವಂತ್ರಾಯ ಅವರದು ಗೌರವದ ಹೆಸರು. ಸಂಜೆಯಾದರೆ ಅದೇ ಕೈಗಳು ಎಲೆಕ್ಟ್ರಿಕ್ ಗಿಟಾರು ಹಿಡಿಯುತ್ತಿದ್ದುದನ್ನು ಕಂಡವರು, ಅವರ ನಿವೃತ್ತಿಯ ಈ ಹೊತ್ತಿನಲ್ಲಿ ಮೇಷ್ಟರನ್ನೂ ವಾದಕರನ್ನೂ ಬೇರೆ ಮಾಡಿ ನೋಡಲಾರರು. ಆದರೆ ಅವರ ಶಾಲೆಯಲ್ಲೇ ಕನ್ನಡ ಕಲಿಸುತ್ತ, ಅವರ ಆರ್ಕೆಸ್ಟ್ರಾದಲ್ಲೇ ಹಾಡುತ್ತಿದ್ದ ಮಲ್ಲಿಕಮ್ಮನವರು ಮೊದಮೊದಲು ಅವರನ್ನು ನಂಬಿರಲಿಲ್ಲ.

ಕಾಲುವೆಯ ನೀರು ಈ ಕಡೆಯ ಹೊಲಗಳಿಗೆ ಬಂದು ಕೆಲವು ವರ್ಷಗಳಾಗಿದ್ದ ಕಾಲವದು. ಕೀಬೋರ್ಡಿನಲ್ಲಿ ಪಿಟೀಲುಗಳ ಧ್ವನಿ ತರುತ್ತಿದ್ದ ಈಶಪ್ಪನವರು ಬೀದರಿಗೆ ವರ್ಗವಾಗಿ, ವಾದ್ಯವನ್ನೂ ಕಟ್ಟಿಕೊಂಡು ಹೋದರು. ಹೊಸದನ್ನು ಕೊಳ್ಳುವ ತಾಕತ್ತು ತಂಡಕ್ಕಿರಲಿಲ್ಲ. ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನ ರಾಜ್ಯೋತ್ಸವಕ್ಕೆ ಮಾತು ಕೊಟ್ಟಾಗಿತ್ತು.

"ಆ ಧ್ವನಿ ಗಿಟಾರಿನಾಗ ತರ್ತೀನಿ, ಚಿಂತಿ ಬ್ಯಾಡ್ರಿ" ಎಂದರು ಬಸವಂತ್ರಾಯ.

ತಾಲೀಮಿನಲ್ಲಿ ಆ ಧ್ವನಿ ಬಂದೇಬಿಟ್ಟಿತು. ತಂತಿ ಮೀಟಿದ ಸದ್ದೇ ಇಲ್ಲ; ಹತ್ತಾರು ಪಿಟೀಲುಗಳು ದೂರದಿಂದ ಏರಿ ಬಂದಂತಿತ್ತು. ಮಲ್ಲಿಕಮ್ಮನವರಿಗೆ ಖುಷಿಗಿಂತ ಗುಮಾನಿಯೇ ಹೆಚ್ಚಾಯಿತು. ಗಿಟಾರಿನ ವೈರು ಒಂದು ಬಟ್ಟೆಯ ಕೆಳಗೆ ಹೋಗುತ್ತಿತ್ತು. ಬಸವಂತ್ರಾಯರು ಚಹಾಕ್ಕೆ ಎದ್ದಾಗ ಮಲ್ಲಿಕಮ್ಮ ಬಟ್ಟೆಯ ಅಂಚು ಎತ್ತಿ ನೋಡಿದರು. ಒಳಗೆ ಟೇಪ್ ರೆಕಾರ್ಡರ್ ಇತ್ತು, ಕ್ಯಾಸೆಟ್ ತಿರುಗುತ್ತಿತ್ತು.

"ಕ್ಯಾಸೆಟ್ ಹಚ್ಚೀರೇನ್ರಿ ಸರ್?" ಎಂದು ಅವರು ಮರಳುತ್ತಲೇ ಕೇಳಿದರು.

"ಹಚ್ಚೀನ್ರಿ ಅಕ್ಕೋರ. ಆದ್ರ ಅದರಾಗ ಹಾಡಿಲ್ಲ."

ಈ ಉತ್ತರ ಅನುಮಾನವನ್ನು ಇನ್ನಷ್ಟು ಬಲಪಡಿಸಿತು. ಹಿಂದಿನ ವರ್ಷ ಸುರಪುರದಲ್ಲಿ ಒಂದು ತಂಡ ಕ್ಯಾಸೆಟ್ ಹಾಕಿ ಸಿಕ್ಕಿಬಿದ್ದಿತ್ತು. ಆ ತಂಡದ ಗಾಯಕಿ ನಿಜವಾಗಿ ಹಾಡಿದ್ದರೂ ಅವಳ ಕಂಠವೂ ಕ್ಯಾಸೆಟ್ಟೇ ಎಂದು ಜನ ನಕ್ಕಿದ್ದರು. ಅವಳು ಮತ್ತೆ ವೇದಿಕೆ ಹತ್ತಲಿಲ್ಲ. ಮನೆಯವರೊಂದಿಗೆ ಜಗಳವಾಡಿ ಹಾಡಲು ಬಂದಿದ್ದ ಮಲ್ಲಿಕಮ್ಮನವರಿಗೆ ಆ ಗತಿ ಬೇಡವಾಗಿತ್ತು. ಯಾರಿಗೂ ಹೇಳದೆ ಒಂದು ಪರೀಕ್ಷೆ ಯೋಚಿಸಿಕೊಂಡರು.

ನಾರಾಯಣಪುರದ ವೇದಿಕೆಯಲ್ಲಿ ಮಲ್ಲಿಕಮ್ಮ, ಚರಣದ ಕೊನೆಯ ಸ್ವರವನ್ನು ತಾಲೀಮಿನಂತೆ ಇಳಿಸದೆ ಎಳೆದು ಹಿಡಿದರು. ತಬಲಾ ನುಡಿಸುತ್ತಿದ್ದ ಖಂಡಪ್ಪ ಗಾಬರಿಯಾಗಿ ಕೈ ನಿಲ್ಲಿಸಿದರು. ಕ್ಯಾಸೆಟ್ಟಾಗಿದ್ದರೆ ಮುಂದೆ ಓಡಬೇಕಿತ್ತು. ಆ ಧ್ವನಿ ಓಡಲಿಲ್ಲ. ಅವರ ಸ್ವರದ ಕೆಳಗೇ ನಿಂತು ಕಾಯಿತು. ಅವರು ಇಳಿದಾಗ ತಾನೂ ಇಳಿಯಿತು. ಮಲ್ಲಿಕಮ್ಮನವರ ಕಣ್ಣು ತುಂಬಿ ಬಂತು.

ಹಾಡು ಮುಗಿಯುತ್ತಲೇ ಸಭೆಯಿಂದ ಒಬ್ಬರು ಎದ್ದರು. "ಬಾಜಾ-ಪಿಟೀಲು ಎಲ್ಲೂ ಕಾಣವಲ್ದು, ಕ್ಯಾಸೆಟ್ ಹಾಕ್ಯಾರ. ಆಯಮ್ಮನ ಹಾಡೂ ಕ್ಯಾಸೆಟ್ಟಿಂದs."

ಬಸವಂತ್ರಾಯರು ತಮ್ಮ ಸಮರ್ಥನೆ ಬದಿಗಿಟ್ಟು ಮೊದಲು ಇದನ್ನು ಹೇಳಿದರು: "ನನ್ನ ಮ್ಯಾಲ ಅನುಮಾನ ಪಡ್ರಿ. ಅಕ್ಕೋರ ಧ್ವನಿ ಮ್ಯಾಲ ಬ್ಯಾಡ."

ಮಲ್ಲಿಕಮ್ಮ ತಾವೇ ಹೋಗಿ ಬಟ್ಟೆ ಸರಿಸಿ, ಎಲ್ಲರೆದುರು ಟೇಪ್ ರೆಕಾರ್ಡರ್ ಬಂದ್ ಮಾಡಿದರು. "ಈಗ ಬಾರಸ್ರಿ ಸರ್." ಅವರು ಬಾರಿಸಿದರು. ಧ್ವನಿ ತೆಳುವಾಯಿತು, ಆದರೆ ಪಿಟೀಲಿನಂತೆಯೇ ಏರಿತು. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಪೂರ್ತಿ ಇಳಿಸಿ, ಮೀಟಿದ ಸದ್ದು ಕೇಳದಂತೆ ತಂತಿ ಮೀಟಿ, ಬಳಿಕ ಕಿರುಬೆರಳಿನಿಂದ ಮೆಲ್ಲಗೆ ಏರಿಸುವುದನ್ನು ಜನ ಕಣ್ಣಾರೆ ಕಂಡರು. ಟೇಪ್ ರೆಕಾರ್ಡರ್ ಬರೀ ಮರುದನಿಗಾಗಿ ಇತ್ತು. ಗುಜರಿಯಿಂದ ತಂದ ಇನ್ನೊಂದು ಯಂತ್ರದ, ಟೇಪಿನಿಂದ ಧ್ವನಿ ಓದುವ ಹೆಡ್ ಜೋಡಿಸಿದ್ದರಿಂದ ಆಗಷ್ಟೇ ನುಡಿಸಿದ್ದನ್ನು ಹಿಡಿದು ಮರುಕ್ಷಣ ಹಿಂದಿರುಗಿಸುತ್ತಿತ್ತು. ಬಟ್ಟೆ ಹೊದಿಸಿದ್ದು ಧೂಳಿಗೆ. ಎದ್ದು ನಿಂತಿದ್ದವರು ಕುಳಿತುಕೊಂಡರು.

"ಮೊದಲ ಬಿಡಿಸಿ ಹೇಳಬಾರದಿತ್ತೇನ್ರಿ?" ಎಂದು ಮಲ್ಲಿಕಮ್ಮ ಆಮೇಲೆ ಕೇಳಿದರು.

"ಹೇಳಿದ್ರ ನೀವು ನಂಬತಿದ್ದಿಲ್ರಿ."

ಅದು ನಿಜವೆಂದು ಮಲ್ಲಿಕಮ್ಮ ಈಗಲೂ ಒಪ್ಪುತ್ತಾರೆ. ತಾವು ಮೊದಲೇ ನಿವೃತ್ತರಾಗಿ ಹಾಡು ಬಿಟ್ಟೇ ಬಹಳ ಕಾಲವಾಗಿದ್ದ ಅವರನ್ನು ಸರ್ ಅವರ ಈ ಬೀಳ್ಕೊಡುಗೆ ಸಮಾರಂಭಕ್ಕೆ ಹಾಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಅವರು ಹಾಕಿದ ಷರತ್ತು ಒಂದೇ: "ಸರ್ ಬಾರಿಸಿದ್ರ ಹಾಡ್ತೀನಿ. ಬ್ಯಾರೆಯವರ ಮ್ಯಾಲ ನನಗ ನಂಬಿಕಿಲ್ರಿ." ಬಸವಂತ್ರಾಯ ಸರ್ ಒಪ್ಪಿದ್ದಾರೆ. ಆ ಕಿರುಬೆರಳಿಗೆ ಇನ್ನೂ ಬಹುಕಾಲ ಕಸುವಿರಲಿ. ಸರ್ ಅವರಿಗೆ ನೂರು ವರ್ಷ ತುಂಬಲಿ, ಆಗಲೂ ನುಡಿಸುತ್ತಲೇ ಇರಲಿ.