ನಮ್ಮ ಕೆರೆಯ ಹೈಡ್ರಾ

ನೋಡ್ರಪ್ಪಾ ಸ್ನೇಹಿತರೇ, ಭೂಮಿ ಮೇಲಿನ ಸಕಲ ಜಲಚರಗಳೂ ನನ್ನನ್ನು ಹೆಸರು ಹಿಡಿದು ಮಾತಾಡಿಸುತ್ತವೆ. ಹಾಗಾಗಿ ಬಿಎಸ್ಸಿ ಓದುವ ಅಕ್ಕನ ಮಗಳು, "ಮಾವ, ಲ್ಯಾಬಿಗೆ ಜೀವಂತ ಹೈಡ್ರಾ ತಂದ್ರೆ ಮಾರ್ಕ್ಸ್ ಐತೆ. ಸಣ್ಣ ನೀರಿನ ಪ್ರಾಣಿ, ತುದೀಲಿ ಕೈಗಳಿರ್ತವೆ" ಅಂದಾಗ, ತಂದೇ ತರ್ತೀನಿ ಅಂತ ಅವರಪ್ಪನ ಹತ್ತಿರ ಬಾಜಿ ಕಟ್ಟಿದೆ.

ಇವತ್ತು ಬೆಳಿಗ್ಗೆ ನಮ್ಮೂರ ಕೆರೆಯ ನೊರೆ ಸರಿಸಿ, ನೀರನ್ನು ಹೆಗಲ ಟವೆಲ್ಲಿನಲ್ಲಿ ಸೋಸಿ, ಕ್ಯಾನಿಗೆ ತುಂಬಿ, ಭಾವನನ್ನೂ ಕೂರಿಸಿಕೊಂಡು ರಾಮನಗರದ ಕಾಲೇಜಿಗೆ ಹೋದೆ. ಮೈಕ್ರೋಸ್ಕೋಪಿನಲ್ಲಿ ಇಣುಕಿದರೆ ಉದ್ದನೆ ಮೈ, ತುದಿಗೆ ಐದಾರು ಕೈ.

"ನೋಡಿ ಭಾವ, ನಮ್ಮೂರೋನು" ಅಂದೆ.

ಲ್ಯಾಬಿನ ಮೇಡಂ ಬಗ್ಗಿ ನೋಡಿದರು. "ಇದು ನಿಮ್ಮ ಟವೆಲ್ಲಿನ ದಾರ ಸಾರ್. ಹೈಡ್ರಾ ಶುದ್ಧ ನೀರಲ್ಲಿ ಮಾತ್ರ ಬದುಕೋದು. ಇದರಲ್ಲಿ ಅಮೀಬಾನೂ ಕಾಣ್ತಿಲ್ಲ."

"ಮೊದ್ಲು ಇತ್ತು ಮೇಡಂ. ಫ್ಯಾಕ್ಟರಿಗಳು ಬಂದ ಮೇಲೆ ಅದೂ ಜಮೀನು ಮಾರಿ, ಬಿಡದೀಲಿ ಸೈಟು ತಗಂಡು ಹೋಗಿರಬೇಕು."

ಭಾವ ಅಂಗೈ ಚಾಚಿದರು. "ಬಾಮೈದ, ಹೈಡ್ರಾಗೆ ಕೈ ಐತೋ ಇಲ್ವೋ, ನಂಗೈತೆ. ದುಡ್ಡಿಕ್ಕು."

ಹುಡುಗಿ ಮಾತು ಬಿಟ್ಟಿದ್ದಾಳೆ. ಮನೆಯವಳಿಗೆ ಐವತ್ತು ರೂಪಾಯಿ ಸೋತೆ ಅಂದಿದ್ದೇನೆ. ಅವಳು ಇಂಟರ್‌ನೆಟ್ ನೋಡುವುದಿಲ್ಲವಾದ್ದರಿಂದ ಇಲ್ಲಿ ನಿಜ ಹೇಳಬಹುದು: ಐನೂರು.