ಚಾಚಾ ಓಡಿಸದ ಎರಡು ರೀಲು

ಈ ವಾರ ಒಂದು ತಿದ್ದುಪಡಿ ಹಾಕಬೇಕಿದೆ.

ಹೋದ ತಿಂಗಳು ಇದೇ ಜಾಗದಲ್ಲಿ ಒಂದು ಹಳೆಯ ಇಂಗ್ಲಿಷ್ ಸಾಹಸ ಚಿತ್ರವನ್ನು ಹೊಗಳಿದ್ದೆ. ಗುಡ್ಡಗಳ ನಡುವೆ ಅಡಗಿರುವ, ಯಾರಿಗೂ ಯಾವ ಕೊರತೆಯೂ ಇಲ್ಲದ ಊರಿನ ಕಥೆ. ಹುಬ್ಬಳ್ಳಿಯ ಟಾಕೀಸಿನಲ್ಲಿ ಹನ್ನೆರಡನೇ ವಯಸ್ಸಿಗೆ ನೋಡಿದ್ದು. 'ಅಂಥ ಚಿತ್ರ ಮತ್ತೆ ನೋಡಿಲ್ಲ' ಎಂದು ಬರೆದೆ. ಅದನ್ನು ಓದಿದ ನಮ್ಮ ವಾಕಿಂಗ್ ಬಳಗದ ಆರು ಮಂದಿ ಭಾನುವಾರ ನವನಗರ ಬಡಾವಣೆಯ ನಮ್ಮ ಮನೆಗೇ ಬಂದರು. (ಚಹಾ, ಚುರಮುರಿ ನಮ್ಮದು.) ಟಿವಿಯಲ್ಲಿ ಸಿನಿಮಾ ಹಚ್ಚಿದೆ.

ಹಗ್ಗದ ಸೇತುವೆ ಹರಿಯಿತು. ಕಲ್ಲಿನ ಬಾಗಿಲು ಸರಿಯಿತು. ನಾಯಕನ ಮುಖದ ಮೇಲೆ ಬೆಳಕು ಬಿತ್ತು. ನನಗೆ ನೆನಪಿದ್ದ ಮುಂದಿನ ದೃಶ್ಯ: ಅವನು ಒಬ್ಬನೇ ಅಳುತ್ತ ಗುಡ್ಡ ಇಳಿಯುತ್ತಾನೆ.

ಇಳಿಯಲಿಲ್ಲ. ಒಳಗೆ ಹೋದ. ಅಲ್ಲಿ ನೆಟ್ಟನೆಯ ರಸ್ತೆಗಳು, ಸಮನಾಗಿ ಕತ್ತರಿಸಿದ ಗಿಡಗಳು, ಬಿಳಿ ಬಟ್ಟೆಯ ಹಿರಿಯರು. ಹಿರಿಯರು ಭಾಷಣ ಶುರು ಮಾಡಿದರು. ನಲವತ್ತು ನಿಮಿಷ.

"ಇದನ್ನ ನೋಡಾಕ ಅಷ್ಟು ಗುಡ್ಡ ಹತ್ತಬೇಕಿತ್ತೇನ್ರಿ?" ಎಂದಳು ಹೆಂಡತಿ. "ಸೀದಾ ನವನಗರಕ್ಕ ಬಂದಿದ್ರ ಆಗ್ತಿತ್ತು."

ಎಲ್ಲರೂ ನಕ್ಕರು. ಬಳಗದ ಹಿರಿಯರಾದ ನಿವೃತ್ತ ಮಾಸ್ತರರು ಮಾತ್ರ ಚಪ್ಪಲಿ ಮೆಟ್ಟುತ್ತ ಕೇಳಿದರು: "ಸಿನಿಮಾ ಇರ್ಲಿ ಬಿಡ್ರಿ. ಇನ್ನ ಮ್ಯಾಲ ನೀವು ಬರದದ್ದು ನಂಬೂದು ಹೆಂಗ?"

ಮೂವತ್ತು ವರ್ಷ ಸುದ್ದಿ ಬರೆದವನಿಗೆ ಇದಕ್ಕಿಂತ ಕೆಟ್ಟ ಪ್ರಶ್ನೆ ಇದೆಯೇ?

ಅನುಮಾನ ಬಂದರೆ ಮೂಲವನ್ನು ಕೇಳಬೇಕು. ಆ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಇಮಾಮಸಾಬ ಚಾಚಾ ಉಣಕಲ್‌ನಲ್ಲಿದ್ದಾರೆ. ಈಗ ಮಿಕ್ಸರ್ ರಿಪೇರಿ.

"ಅದಾ? ನಡುವಿನ ಎರಡು ರೀಲ್ ನಾನ ಹಾಕದ ಬಿಡ್ತಿದ್ನಿ," ಎಂದರು, ಸ್ಕ್ರೂ ಬಿಚ್ಚುತ್ತ. "ಮಾರ್ನಿಂಗ್ ಶೋ ಲಗೂ ಮುಗೀಬೇಕಿತ್ರಿ. ಮ್ಯಾಟಿನಿ ಮಂದಿ ಗೇಟಿಗೆ ಬಂದು ನಿಂತಿರ್ತಿದ್ರು."

"ಅದಕ್ಕ ಊರು ತೋರಿಸೂ ರೀಲ್‌ನ ಬಿಟ್ರೇನು ಚಾಚಾ?"

"ಹೊಡೆದಾಟ ಬಿಟ್ಟಿದ್ರ ಕುರ್ಚಿ ಹರೀತಿದ್ರು. ಭಾಷಣ ಬಿಟ್ರ ಯಾರ್ ಕೇಳ್ತಾರ? ನೀವರ ಕೇಳಿದ್ರೇನು?"

ಕೇಳಿರಲಿಲ್ಲ. ಬಾಗಿಲ ಹಿಂದಿನ ಊರನ್ನು ನಾವು ಹುಡುಗರೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆವು. ನನ್ನ ಊರಿನಲ್ಲಿ ನಳದ ನೀರು ದಿನಾ ಬರುತ್ತಿತ್ತು, ಕೊಡ ಹಿಡಿದು ಪಾಳಿ ನಿಲ್ಲುವಂತಿರಲಿಲ್ಲ. ಗೆಳೆಯನ ಊರಿನಲ್ಲಿ ಗಣಿತವೇ ಇರಲಿಲ್ಲ. ಯಾರದು ಖರೆ ಎಂದು ಸಾಲಿ ಮುಗಿಯುವ ತನಕ ಜಗಳಾಡಿದೆವು.

"ಈಗ ಪೂರಾ ನೋಡಿದ್ರಲ್ಲ, ಏನ್ ಸಿಕ್ತು?" ಎಂದು ಚಾಚಾ ಕೇಳಿದರು.

ಹಾಗಾಗಿ ತಿದ್ದುಪಡಿ. ಚಿತ್ರ ಸಾಧಾರಣ, ಹೋದ ತಿಂಗಳ ಹೊಗಳಿಕೆ ಇಮಾಮಸಾಬ ಚಾಚಾಗೆ ಸಲ್ಲಬೇಕು.

ಮಾಸ್ತರರೇ, ನಾನು ಸುಳ್ಳು ಬರೆದಿರಲಿಲ್ಲ. ನೀವು ನಲವತ್ತು ನಿಮಿಷ ಹೆಚ್ಚು ನೋಡಿದಿರಿ.