ಮಾರಾಟಕ್ಕಲ್ಲದ ಮಾತ್ರೆ

ಮನೆಯಲ್ಲಿ ಅವನಿಗೆ ‘ಅರೆಡಾಕ್ಟ್ರು’ ಎಂದು ಹೆಸರು. ಇಟ್ಟವಳು ಸೋದರತ್ತೆ. ಡಾಕ್ಟರಾಗಲು ಅಂಕ ಸಾಲದೆ, ಲ್ಯಾಬಿನಲ್ಲಿ ಕೂರಲು ತಾಳ್ಮೆ ಸಾಲದೆ, ಕೊನೆಗೆ ಔಷಧ ಕಂಪನಿಯೊಂದರ ಪ್ರತಿನಿಧಿಯಾದವನು. ಕುತ್ತಿಗೆಗೊಂದು ಟೈ, ಹೆಗಲಿಗೊಂದು ಕಪ್ಪು ಬ್ಯಾಗು. ಕ್ಲಿನಿಕ್ಕಿನ ಬೆಂಚಿನ ಮೇಲೆ ಎರಡು ತಾಸು ಕಾಯುವುದು, ಒಳಗೆ ಒಂದೂವರೆ ನಿಮಿಷ ಮಾತಾಡುವುದು, ಹೊರಬರುವಾಗ ಸರದಿಯಲ್ಲಿ ಕೂತ ರೋಗಿಗಳ ಕೆಂಗಣ್ಣಿಗೆ ಬೀಳುವುದು: ಇಷ್ಟೇ ವೃತ್ತಿ. ಡಾಕ್ಟರ ಮುಂದೆ ಬಿಡಿಸಿ ಹಿಡಿಯುವ ಬಣ್ಣದ ಪುಸ್ತಕದಲ್ಲಿ ಅಡ್ಡಪರಿಣಾಮಗಳು ಹನ್ನೊಂದನೆಯ ಪುಟದ ತಳದಲ್ಲಿ ಇರುವೆಸಾಲಿನಂತಿದ್ದವು. ಅವನ ಹೆಬ್ಬೆರಳು ಸರಿಯಾಗಿ ಅಲ್ಲೇ ಕೂರುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ಸಂಬಳ ಎಲ್ಲಿಂದ ಬರುತ್ತದೆಂದು ಬೆರಳಿಗೂ ಗೊತ್ತಿರುತ್ತದೆ.

ಸೋದರತ್ತೆ ನಿವೃತ್ತ ಟೆಲಿಫೋನ್ ಆಪರೇಟರು. ತಾಯಿಯಿಲ್ಲದ ಅವನನ್ನು ಸಾಕಿ, ಬೈದು, ಓದಿಸಿದವಳು. ಬಹಳ ವರ್ಷಗಳಿಂದ ರಕ್ತದೊತ್ತಡಕ್ಕೆ ಒಂದು ಹಳೆಯ ಮಾತ್ರೆ ನುಂಗುತ್ತಿದ್ದಳು. ಒಂದು ದಿನ ಅವನು ಬ್ಯಾಗಿನಿಂದ ತನ್ನ ಕಂಪನಿಯ ಹೊಸ ಮಾತ್ರೆಯ ನಾಲ್ಕು ಹಾಳೆ ತೆಗೆದು ಅವಳ ಮೇಜಿನ ಮೇಲಿಟ್ಟ. ಹಾಳೆಯ ಬೆನ್ನ ಮೇಲೆ ‘ವೈದ್ಯರಿಗೆ ಮಾದರಿ, ಮಾರಾಟಕ್ಕಲ್ಲ’ ಎಂದು ಅಚ್ಚಾಗಿತ್ತು.

“ಹಳೇದು ಬಿಡು ಅತ್ತೆ, ಇದು ಒಳ್ಳೇದು,” ಎಂದ.

“ಡಾಕ್ಟ್ರನ್ನ ಕೇಳ್ಬೇಡ್ವೇನೋ?”

“ಡಾಕ್ಟ್ರಿಗೆ ಹೇಳಿಕೊಡೋದೇ ನಾನು.”

ಆ ಮಾತನ್ನು ಅವನು ಆಮೇಲೆ ಎಷ್ಟೋ ಸಲ ನೆನೆದು, ತನ್ನ ಕಿವಿ ತಾನೇ ಹಿಂಡಿಕೊಂಡ.

ಮೂರು ವಾರ ಕಳೆದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆದ ಅತ್ತೆಯ ಮೇಲ್ತುಟಿ ಹೆಬ್ಬೆರಳಿನಷ್ಟು ದಪ್ಪಗೆ ಊದಿಕೊಂಡಿತ್ತು.

“ಹೀಗ್ಯಾಕೆ ನೋಡ್ತೀಯ? ಇಪ್ಪತ್ತನೇ ವಯಸ್ಸಲ್ಲಿ ಇಂಥ ತುಟಿ ಇದ್ದಿದ್ರೆ ಸಿನಿಮಾಕ್ಕೆ ಸೇರ್ತಿದ್ದೆ.”

ಅವನಿಗೆ ನಗು ಬರಲಿಲ್ಲ. ಹನ್ನೊಂದನೆಯ ಪುಟದ ಎರಡನೆಯ ಸಾಲು, ‘ತುಟಿ, ನಾಲಿಗೆ ಊದಬಹುದು’ ಎಂಬುದು, ಅವನಿಗೆ ಬಾಯಿಪಾಠವಿತ್ತು. ಅತ್ತೆಯನ್ನು ಆಟೋ ಹತ್ತಿಸಿ, ತಾನು ವಾರವಾರ ಹೋಗುವ ಕ್ಲಿನಿಕ್ಕಿಗೇ ಕರೆದೊಯ್ದ. ಬಾಗಿಲಲ್ಲಿದ್ದ ನರ್ಸಮ್ಮ, “ಕಂಪನಿ ರೆಪ್ಪುಗಳಿಗೆ ಮಧ್ಯಾಹ್ನದ ಮೇಲೆ,” ಎಂದವಳು, ಅವನ ಬೆನ್ನ ಹಿಂದಿನ ತುಟಿ ಕಂಡು ದಾರಿ ಬಿಟ್ಟಳು.

ಡಾಕ್ಟರು ಇಂಜೆಕ್ಷನ್ ಕೊಟ್ಟು, ಮಂಚದ ಮೇಲೆ ಮಲಗಿಸಿ ಕೇಳಿದರು: “ನಾಲಿಗೆಗೆ ಇಳಿದಿದ್ರೆ ಉಸಿರು ಕಟ್ತಿತ್ತು. ಯಾವ ಮಾತ್ರೆ?”

ಅವನು ಹೆಸರು ಹೇಳಿದ.

“ನಾನು ಬರೆದಿಲ್ವಲ್ಲ. ಬರೆದೋರು ಯಾರು?”

“ಬರೆದಿಲ್ಲ ಡಾಕ್ಟ್ರೇ,” ಎಂದಳು ಅತ್ತೆ ಮಲಗಿದಲ್ಲಿಂದಲೇ. “ನಮ್ಮ ಅರೆಡಾಕ್ಟ್ರದ್ದು ಎಲ್ಲಾ ಬಾಯ್ಮಾತು.”

ಡಾಕ್ಟರು ಅವನನ್ನು ಒಂದೂವರೆ ನಿಮಿಷಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಅದೇ ಮೊದಲು. “ನಿಮ್ಮಲ್ಲಿ ಒಂದು ಫಾರಂ ಇರತ್ತಲ್ಲ, ತುಂಬಿ. ನನಗೆ ಹೊರಗೆ ನಲವತ್ತು ಜನ ಕಾಯ್ತಿದ್ದಾರೆ.”

ಫಾರಂ ಇತ್ತು. ತಮ್ಮ ಮಾತ್ರೆಯಿಂದ ಯಾರಿಗೇ ತೊಂದರೆಯಾದದ್ದು ಕಿವಿಗೆ ಬಿದ್ದರೂ, ಬಸ್ಸಿನಲ್ಲೇ ಬೀಳಲಿ, ಮರುದಿನದೊಳಗೆ ಸುರಕ್ಷತಾ ವಿಭಾಗಕ್ಕೆ ತಿಳಿಸಬೇಕೆಂಬುದು ಕಂಪನಿಯ ನಿಯಮ. ಮಾದರಿ ಮಾತ್ರೆ ಡಾಕ್ಟರ ಕೈಗಲ್ಲದೆ ಬೇರೆಯವರಿಗೆ ಕೊಟ್ಟರೆ ಕೆಲಸ ಹೋಗುತ್ತದೆಂಬುದೂ ಅದೇ ಕಂಪನಿಯ ನಿಯಮ. ಎರಡಕ್ಕೂ ಅವನು ಒಂದೇ ದಿನ, ಒಂದೇ ಪೆನ್ನಿನಲ್ಲಿ, ಓದದೆ ಸಹಿ ಹಾಕಿದ್ದ.

ಸಂಜೆ ಮ್ಯಾನೇಜರಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದ.

“ಗುಣ ಆದ್ರಲ್ಲ? ಮತ್ತೇನಪ್ಪ ನಿನ್ನ ಗೋಳು?”

“ವರದಿ ಮಾಡ್ಬೇಕಲ್ಲ ಸಾರ್.”

“ಮಾಡು, ಯಾರು ಬೇಡ ಅಂದ್ರು? ಅಂಗಡೀಲಿ ತಗೊಂಡದ್ದು ಅಂತ ಹಾಕು. ಬ್ಯಾಚ್ ನಂಬರ್ ಗೊತ್ತಿಲ್ಲ ಅಂತ ಹಾಕು. ಅರ್ಧ ಜನ ಹಾಗೇ ಹಾಕೋದು.”

ಮಾತ್ರೆ ಯಾವ ಕಂತಿನಲ್ಲಿ ತಯಾರಾಯಿತೆಂದು ಹೇಳುವ ಬ್ಯಾಚ್ ನಂಬರೇ ತೊಡಕು. ಮಾದರಿಗಳಿಗೆ ಬೇರೆಯೇ ಸರಣಿ. ಅದನ್ನು ಬರೆದರೆ ಯಾರ ಬ್ಯಾಗಿನಿಂದ ಹೊರಟ ಹಾಳೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ಬರೆಯದಿದ್ದರೆ ಕೆಲಸ ಉಳಿಯುತ್ತದೆ. ಆದರೆ ದೋಷ ಮಾತ್ರೆಯದೋ ಆ ಬ್ಯಾಚಿನದೋ ಎಂದು ಹುಡುಕುವವರಿಗೆ ಹಿಡಿಯಲು ಎಳೆ ಸಿಗುವುದಿಲ್ಲ.

ಅತ್ತೆಯ ಊಟದ ಮೇಜಿನ ಮೇಲೆ ಫಾರಂ ಹರಡಿ ಕೂತ. ಅವಳು ಕನ್ನಡಕ ಏರಿಸಿ ಪಕ್ಕದಲ್ಲೇ ಕೂತಳು. ತುಟಿ ಇಳಿದು, ನಾಲಿಗೆ ಪೂರ್ತಿ ಚುರುಕಾಗಿತ್ತು.

“ವಯಸ್ಸು ಎಪ್ಪತ್ತೊಂದು ಬರಿ. ಕದೀಬೇಡ.”

“ಬರೆದೆ.”

“ಈ ಖಾಲಿ ಮನೆ ಯಾತರದ್ದು?”

ಅವನು ವಿವರಿಸಿದ. ಬರೆದರೇನು, ಬಿಟ್ಟರೇನು, ಎರಡನ್ನೂ ಹೇಳಿದ. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ನನಗೋಸ್ಕರ ಹುತಾತ್ಮ ಆಗ್ಬೇಡಪ್ಪ. ಆಮೇಲೆ ಮೂರು ಹೊತ್ತೂ ನನ್ನ ಮನೇಲೇ ಬಿದ್ಕೋತೀಯ.”

“ಬರೀಲೋ ಬೇಡ್ವೋ ಹೇಳು ಅತ್ತೆ.”

“ಮಾತ್ರೆ ಕೊಡೋವಾಗ ನನ್ನ ಕೇಳಿದ್ಯಾ?”

ಅವನು ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು ಏಳು ಅಂಕಿಗಳನ್ನು ಒಂದೊಂದಾಗಿ ಬರೆದ. ಶೂರತನವೇನಲ್ಲ, ಒಂಬತ್ತನ್ನು ಎರಡು ಸಲ ತಿದ್ದಿದ. ಫಾರಮ್ಮಿನ ಫೋಟೊ ತೆಗೆದು ಮೊಬೈಲಿನಿಂದ ಕಳುಹಿಸಿದ ಮೇಲೆ ವಾಪಸು ಪಡೆಯುವ ಗುಂಡಿಯನ್ನು ಹುಡುಕಿದ್ದೂ ನಿಜ. ಅಂಥ ಗುಂಡಿ ಇರಲಿಲ್ಲ.

ಒಂಬತ್ತನೆಯ ದಿನ ಮ್ಯಾನೇಜರು ಬ್ಯಾಗು, ಪುಸ್ತಕ, ಗುರುತಿನ ಚೀಟಿ ಎಲ್ಲವನ್ನೂ ತೆಗೆದುಕೊಂಡು, “ಒಳ್ಳೆ ಹುಡುಗ, ಬುದ್ಧಿ ಒಂದಿಲ್ಲ,” ಎಂದು ಬೀಳ್ಕೊಟ್ಟರು. ಟೈ ಅವನದೇ ಆದ್ದರಿಂದ ಉಳಿಯಿತು.

ಮರುದಿನ ಫೋನು ಬಂತು. ಸುರಕ್ಷತಾ ವಿಭಾಗದ ಹೆಂಗಸು. ಪ್ರತಿ ಉತ್ತರವನ್ನೂ ಟೈಪು ಮಾಡುತ್ತಿದ್ದ ಸದ್ದು ಕೇಳುತ್ತಿತ್ತು.

“ರೋಗಿ ಈಗ ಹೇಗಿದ್ದಾರೆ?”

“ಹಳೇ ಮಾತ್ರೆಗೆ ವಾಪಸು ಹೋಗಿದ್ದಾರೆ. ಚೆನ್ನಾಗಿ ಬೈತಾರೆ.”

“ಪೂರ್ತಿ ಗುಣಮುಖ ಅಂತ ಹಾಕ್ತೀನಿ. ಬ್ಯಾಚ್ ನಂಬರ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಸಾರ್, ಸಾಮಾನ್ಯವಾಗಿ ಯಾರೂ ಕೊಡಲ್ಲ. ಮಾತ್ರೆ ಕೊಟ್ಟೋರು ಯಾರು?”

“ನಾನೇ.”

ಟೈಪಿನ ಸದ್ದು ನಿಂತು ಮತ್ತೆ ಶುರುವಾಯಿತು.

“ವರದಿ ಮಾಡ್ತಿರೋರ ವೃತ್ತಿ? ಇಲ್ಲಿ ಡಾಕ್ಟ್ರು, ಫಾರ್ಮಸಿಸ್ಟು, ಕಂಪನಿ ಪ್ರತಿನಿಧಿ, ಸಾರ್ವಜನಿಕರು ಅಂತಿದೆ.”

ಅವನು ಮೊಳೆಗೆ ನೇತುಹಾಕಿದ್ದ ಟೈಯತ್ತ ನೋಡಿದ.

“ಸಾರ್ವಜನಿಕರು,” ಎಂದ.